ಹೊಸ ಟವರ್, ಹಳೇ ಪಾಲುದಾರರು

ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನ ಪಾಲಿನೇಷಿಯನ್ ರೆಸಾರ್ಟಿಗೆ 2024ರ ಡಿಸೆಂಬರಿನಲ್ಲಿ ಐಲ್ಯಾಂಡ್ ಟವರ್ ಎಂಬ ಹೊಸ ಕಟ್ಟಡ ಸೇರಿಕೊಂಡಿತು. ಆ ಟವರಿಗಿಂತ ನನಗೆ ಕುತೂಹಲ ಅನ್ನಿಸಿದ್ದು 2015ರಿಂದ ಅಲ್ಲಿ ಟೈಮ್‌ಶೇರ್, ಅಂದರೆ ವರ್ಷವರ್ಷ ಕೋಣೆ ಕಾದಿರಿಸಲು ಬಳಸುವ ಪಾಯಿಂಟುಗಳ ಪಾಲು, ಕೊಂಡವರ ತಳಮಳ.

ಟವರಿಗೆ ಪಾಲುದಾರರ ಬೇರೆ ಸಂಘ ಮಾಡದೆ ಹಳೆಯದಕ್ಕೇ ಸೇರಿಸಿದರು. ಹೀಗಾಗಿ ಹಳಬರು ಹೊಸ ಕೋಣೆಗಳನ್ನೂ 11 ತಿಂಗಳು ಮೊದಲೇ ಕಾದಿರಿಸಬಹುದು. ಬೇರೆ ರೆಸಾರ್ಟಿನ ಪಾಲುದಾರರು ತಂಗುವ ದಿನಕ್ಕೆ 7 ತಿಂಗಳು ಉಳಿಯುವವರೆಗೆ ಕಾಯಬೇಕು. ಲಾಭವೇ, ಬಿಡಿ. ಆದರೆ ಹೊಸದಾಗಿ ಕೊಂಡವರಿಗೂ ಹಳೇ ಸ್ಟುಡಿಯೋಗಳ ಮೇಲೆ ಅದೇ ಹಕ್ಕು! ಲೆಕ್ಕದಲ್ಲೇನೂ ಮೋಸವಿಲ್ಲ. ಪಾಯಿಂಟ್ ಹೆಚ್ಚಿದ ಹಾಗೆ ಕೋಣೆಗಳೂ ಹೆಚ್ಚಿವೆ. ತೊಡಕಿರುವುದು ಆಸೆಯಲ್ಲಿ. ಹಳೇ ಭಾಗದಲ್ಲಿ ನೀರಿನ ಮೇಲಿರುವ 20 ಬಂಗಲೆಗಳನ್ನು ನೋಡಿ ಬೆರಗಾಗುವವರು ಬಹಳ, ಅವಕ್ಕೆ ಪಾಯಿಂಟ್ ಸುರಿಯುವವರು ಕಡಿಮೆ. ಸ್ಟುಡಿಯೋದಂಥ ಕಡಿಮೆ ಪಾಯಿಂಟಿನ ಕೋಣೆಗೆ ಮಾತ್ರ ಎಲ್ಲರೂ ಮುಗಿಬೀಳುತ್ತಾರೆ. ಹೊಸಬರ ದಂಡು ಬಂದರೆ ಆ ನೂಕಾಟ ಹೆಚ್ಚೀತು ಅನ್ನುವ ಭಯ ಸುಳ್ಳಲ್ಲ. ಟವರಿನಲ್ಲೂ ಕಡಿಮೆ ಪಾಯಿಂಟಿನ, ಇಬ್ಬರಿಗಷ್ಟೇ ಸಾಲುವ ಡ್ಯುಯೊ ಸ್ಟುಡಿಯೋಗಳು ಇರುವುದರಿಂದ ಆ ನೂಕಾಟ ಸ್ವಲ್ಪ ತಗ್ಗಲೂಬಹುದು.

ನನ್ನ ಮಟ್ಟಿಗೆ ಹಳಬರದೇ ಮೇಲುಗೈ. ಎಲ್ಲರ ಒಪ್ಪಂದವೂ ಮುಗಿಯುವುದು 2066ರಲ್ಲೇ. ಈಗ ಕೊಳ್ಳುವವರಿಗೆ ಸುಮಾರು ಹತ್ತು ವರ್ಷ ಖೋತಾ!