ಎರಡು ಸಂತಿ, ಹದಿನಾಲ್ಕು ಕಾಳು

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಿಂದ ಘಟಪ್ರಭಾ ನಿಲ್ದಾಣದಲ್ಲಿ ಇಳಿದಾಗ ಜನವರಿಯ ಬಿಸಿಲು ಆಗಲೇ ಏರಿತ್ತು. ಬೆಳಗಾವಿ ಜಿಲ್ಲೆಯ ಹಳ್ಳಿ ತುಕ್ಕಾನಟ್ಟಿಯ ದಾರಿಯುದ್ದಕ್ಕೂ ಕಬ್ಬಿನ ಹಂಗಾಮು. ಎದುರು ಬಂದ ಟ್ರ್ಯಾಕ್ಟರ್‌ಗಳ ಹಿಂದೆ ಎರಡೆರಡು ಟ್ರೇಲರ್, ಅವುಗಳ ಮೇಲೆ ಮನೆಯೆತ್ತರದ ಹೊರೆ. ಪಕ್ಕದಲ್ಲಿ ಹಾದು ಹೋಗುವಾಗ ಕಬ್ಬಿನ ರವುದಿ ನಮ್ಮ ಗಾಡಿಯ ಕಿಟಕಿ ಸವರಿ ಹೋಗುತ್ತಿತ್ತು. ಮೈಸೂರು ಸೀಮೆಯವಳಾದ ನಾನು ಕಬ್ಬು ಕಾಣದವಳೇನಲ್ಲ. ಆದರೂ ಇಷ್ಟೊಂದು ಕಬ್ಬು ಒಂದೇ ಹೊತ್ತಿನಲ್ಲಿ ಊರು ಬಿಟ್ಟು ಹೊರಟದ್ದನ್ನು ನೋಡಿರಲಿಲ್ಲ.

ಜೊತೆಗಿದ್ದವಳು ತಂಗಿಯ ಮಗಳು. ಬಿ.ಎ. ಕೊನೆಯ ವರ್ಷ, ಮನೋವಿಜ್ಞಾನ. ಅವಳ ಚೀಲದಲ್ಲಿ ಒಂದಿಷ್ಟು ಪ್ರಶ್ನಾವಳಿ, ಒಪ್ಪಿಗೆ ಪತ್ರಗಳು, ಪೆನ್ಸಿಲು, ಬೀಗ ಹಾಕುವ ಒಂದು ತಗಡಿನ ಪೆಟ್ಟಿಗೆ. ಮೊದಲ ಬಾರಿಗೆ ಅವಳು ‘ರಿಸರ್ಚ್ ಅಸಿಸ್ಟೆಂಟ್’ ಆಗಿದ್ದಳು. ಆ ಎರಡು ಪದಗಳನ್ನು ರೈಲಿನಲ್ಲಿ ನನ್ನೆದುರು ಅವಳು ಎಷ್ಟು ಮೆಲ್ಲಗೆ ಉಚ್ಚರಿಸಿದಳೆಂದರೆ, ಹೊಸ ರೇಷ್ಮೆ ಸೀರೆಯನ್ನು ಮಡಿಕೆ ಮುರಿಯದೆ ಬಿಚ್ಚಿದ ಹಾಗಿತ್ತು.

ಪದವಿ ಮಟ್ಟದ ವಿದ್ಯಾರ್ಥಿಗೆ ಈ ಕೆಲಸ ಸುಲಭಕ್ಕೆ ಸಿಗುವುದಿಲ್ಲ. ದೊಡ್ಡ ಸಂಸ್ಥೆಗಳ ಯೋಜನೆಗಳಲ್ಲಿ ಸಂಬಳದ ಹುದ್ದೆಗಳಿಗೆ ಸಾಮಾನ್ಯವಾಗಿ ಎಂ.ಎ. ಅಥವಾ ಎಂ.ಎಸ್ಸಿ. ಕೇಳುತ್ತಾರೆ. ಬಿ.ಎ. ಓದುವವರಿಗೆ ಉಳಿಯುವುದು ತಮ್ಮದೇ ಮೇಷ್ಟ್ರ ಕೋಣೆಯ ಬಾಗಿಲು. ಅದನ್ನು ತಟ್ಟಿ, ನನಗೂ ಏನಾದರೂ ಕೆಲಸ ಕೊಡಿ ಎಂದು ಕೇಳಬೇಕು. ಕೇಳಿದವರಿಗೆ ದತ್ತಾಂಶ ತುಂಬುವುದು, ಧ್ವನಿಮುದ್ರಣ ಕೇಳಿ ಬರೆದುಕೊಳ್ಳುವುದು, ಅನುವಾದ ತಾಳೆ ನೋಡುವುದು ಇಂಥವು ಸಿಗುತ್ತವೆ. ಅಷ್ಟಾದರೂ ಕೊಡುವಾಗ ಬಸ್ಸಿನ ಖರ್ಚು, ಊಟದ ಖರ್ಚು ಕೊಡಬೇಕು, ಪ್ರಬಂಧ ಅಚ್ಚಾದಾಗ ಹೆಸರು ನೆನೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಖರ್ಚು ಭರಿಸಲಾರದ ಮಕ್ಕಳೇ ಅನೇಕ ಸಲ ಹಳ್ಳಿಯ ಮಾತು ಬಲ್ಲವರು.

ಇವಳಿಗೆ ಕೆಲಸ ಸಿಕ್ಕಿದ್ದೂ ಮಾತಿನಿಂದಲೇ. ಅವಳ ಅಧ್ಯಾಪಕರು ಪಿಎಚ್‌ಕ್ಯು-9 ಎಂಬ ಪ್ರಶ್ನಾವಳಿಯನ್ನು ಈ ಭಾಗದ ಕನ್ನಡಕ್ಕೆ ಹೊಂದಿಸುತ್ತಿದ್ದರು. 2001ರಲ್ಲಿ ಪ್ರಕಟವಾದ, ಲೋಕದ ತುಂಬ ಬಳಕೆಯಲ್ಲಿರುವ ಸಾಧನ ಅದು. ಒಂಬತ್ತು ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ ಮೂರರ ತನಕ ಅಂಕ, ಒಟ್ಟು 27. ಕಳೆದ ಎರಡು ವಾರದಲ್ಲಿ ಮನಸ್ಸು ಎಷ್ಟು ಕುಗ್ಗಿತ್ತು ಎಂದು ಅಳೆಯುವ ಸಣ್ಣ ತಕ್ಕಡಿ. ತರಗತಿಯಲ್ಲಿ ಬೆಳಗಾವಿ ಕಡೆಯ ಮಾತು ಬಲ್ಲವರು ಯಾರೆಂದು ಕೇಳಿದಾಗ ಎದ್ದದ್ದು ಒಂದೇ ಕೈ. ಬೇಸಗೆ ರಜೆಗಳನ್ನೆಲ್ಲ ತುಕ್ಕಾನಟ್ಟಿಯಲ್ಲಿ ತಂದೆಯ ಕಡೆಯ ಅಜ್ಜಿಯ ಮನೆಯಲ್ಲಿ ಕಳೆದವಳ ಕೈ.

ಮೊದಲ ಪರೀಕ್ಷೆ ಆ ಅಜ್ಜಿಯ ಮೇಲೆಯೇ. ಅಂಗಳದಲ್ಲಿ ಗೋವಿನಜೋಳ ಒಣಗುತ್ತಿತ್ತು. ನಮ್ಮ ತಟ್ಟೆಗಳಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಇಲ್ಲಿ ಕೇಳುವುದು ಅಜ್ಜಿಯ ಮನಸ್ಸಿನ ಸುದ್ದಿಯನ್ನಲ್ಲ, ಪದಗಳ ಸುದ್ದಿಯನ್ನು. ಪ್ರಶ್ನೆ ಓದಿ, ‘ಇದನ್ನ ಕೇಳಿದಾಗ ನಿನಗ ಏನ ಅನಿಸ್ತು?’ ಎಂದು ವಿಚಾರಿಸಬೇಕು. ಆದ್ದರಿಂದ ನಾನೂ ಹತ್ತಿರ ಕೂತಿರಬಹುದಾಗಿತ್ತು.

ಕರಡು ಅನುವಾದದಲ್ಲಿ ‘ಖಿನ್ನತೆ’ ಎಂದಿತ್ತು.

‘ಅದ್ಯಾವ ಊರ ಮಾತವಾ?’ ಎಂದಿತು ಅಜ್ಜಿ.

‘ಮತ್ತ ನೀವು ಏನಂತೀರಿ?’

‘ಜೀವ ಹಳಹಳಿ ಆಗ್ತೈತಿ ಅಂತೀವಿ. ಎದಿ ಭಾರ ಆಗೇತಿ ಅಂತೀವಿ. ಬ್ಯಾಸರಕಿ ಅಂತೀವಿ. ಮೂರೂ ಬ್ಯಾರೆ ಬ್ಯಾರೆ.’

ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ. ಹುಡುಗಿ ಪೆನ್ಸಿಲು ಎತ್ತಿದಳು. ಅಜ್ಜಿ ಬೆರಳು ಮಡಚಿ ಬಿಡಿಸಿ ಹೇಳಿತು: ಕೈಯಾಗಿಂದು ಹೋದರ ಹಳಹಳಿ. ಯಾರ ಮುಂದೂ ಹೇಳಾಕ ಬರಲಾರದ್ದು ಇದ್ದರ ಎದಿ ಭಾರ. ಹೊತ್ತು ಮುಳುಗವಲ್ದು ಅನಿಸಿದರ ಬ್ಯಾಸರಕಿ. ನಾನು ಓದಿದ ಕನ್ನಡದಲ್ಲಿ ಮೂರಕ್ಕೂ ಸೇರಿ ಒಂದೇ ಸಂಸ್ಕೃತ ಪದವಿತ್ತು. ಇಲ್ಲಿ ಜೋಳ ಆರಿಸುತ್ತಿದ್ದ ಕೈಯೊಂದು ಅದನ್ನು ಮೂರು ರಾಶಿ ಮಾಡಿ ಇಟ್ಟುಬಿಟ್ಟಿತು.

ಮುಂದಿನ ತೊಡಕು ‘ಎರಡು ವಾರ’. ‘ವಾರ ಯಾರ ಎಣಸ್ತಾರ? ಎರಡ ಸಂತಿ ಅನ್ನು’ ಎಂದಿತು ಅಜ್ಜಿ. ಹೋದ ಸಂತೆ, ಅದರ ಹಿಂದಿನ ಸಂತೆ: ಅವೆರಡೂ ಅಜ್ಜಿಗೆ ಏನು ಕೊಂಡೆ, ಯಾರು ಸಿಕ್ಕರು, ಮಳೆಯೋ ಬಿಸಿಲೋ ಎಂಬುದರ ಸಮೇತ ನೆನಪಿದ್ದವು. ಇನ್ನು ‘ಅರ್ಧಕ್ಕಿಂತ ಹೆಚ್ಚು ದಿನ’ ಎಂಬ ಉತ್ತರವಂತೂ ಗಾಳಿಯಲ್ಲಿ ತೇಲಿ ಹೋಯಿತು. ಆಗ ಹುಡುಗಿಗೆ ಏನು ಹೊಳೆಯಿತೋ, ಒಳಗೆ ಹೋಗಿ ಶೇಂಗಾ ತಂದು ಹದಿನಾಲ್ಕು ಕಾಳು ಎಣಿಸಿ ಸಾಲಾಗಿ ಇಟ್ಟಳು. ‘ದಿನಕ್ಕೊಂದು ಕಾಳು, ಅಜ್ಜಿ. ಬ್ಯಾಸರಾದ ದಿನ ಈ ಕಡೆ ಸರಸು.’ ಅಜ್ಜಿ ತಡೆಯದೆ ಸರಿಸಿತು. ಒಂದು ಕಾಳನ್ನು ಬೆರಳಿನಡಿ ಒತ್ತಿ ಹಿಡಿದು, ಸ್ವಲ್ಪ ಹೊತ್ತು ಯೋಚಿಸಿ, ಮರಳಿ ಇತ್ತ ಇಟ್ಟಿತು. ಆ ಒಂದು ಕಾಳಿನ ಮೇಲೆ ನನ್ನ ಕಣ್ಣು ನೆಟ್ಟು ಹೋಯಿತು. ಯಾವ ದಿನವೋ ಅದು, ಯಾವ ಕಡೆಯದೆಂದು ತಿಳಿಯದೆ ನಡುವೆ ನಿಂತಿದ್ದ ದಿನ.

ಮಧ್ಯಾಹ್ನದಿಂದ ನಿಜವಾದ ಸಂದರ್ಶನಗಳು. ಅವುಗಳ ಬಗ್ಗೆ ನಾನು ಬರೆಯಲಾರೆ, ಏಕೆಂದರೆ ನನ್ನನ್ನು ಕೇಳಿಸದಷ್ಟು ದೂರ, ಬೇವಿನ ಮರದ ಕೆಳಗೆ ಕೂರಿಸಲಾಗಿತ್ತು. ದೂರದಿಂದ ಕಂಡದ್ದು, ಅವಳಿಂದ ತಿಳಿದದ್ದು ಇಷ್ಟೇ: ಮೊದಲು ಒಪ್ಪಿಗೆ ಪತ್ರ ಓದಿ ಹೇಳುವುದು, ಬೇಡವೆಂದರೆ ಈಗಲೇ ಏಳಬಹುದು ಎನ್ನುವುದು, ಹಾಳೆಯ ಮೇಲೆ ಹೆಸರಿನ ಬದಲು ಒಂದು ಸಂಖ್ಯೆ. ಇಬ್ಬರು ಹೆಂಗಸರು ಅರ್ಧಕ್ಕೇ ಎದ್ದು ಹೋದರು. ಹುಡುಗಿ ಅವರಿಗೆ ಕೈಮುಗಿದು ಹಾಳೆ ತೆಗೆದಿಟ್ಟಳು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಗಳದ್ದು. ಅದಕ್ಕೆ ಯಾರಾದರೂ ಹೌದೆಂದರೆ ಅಂಕ ಬರೆದು ಎದ್ದು ಬರುವಂತಿಲ್ಲ. ಅವರನ್ನು ಒಬ್ಬರನ್ನೇ ಬಿಡದೆ ಅಂದೇ ಅಧ್ಯಾಪಕರಿಗೆ ತಿಳಿಸಬೇಕು, ಆಸ್ಪತ್ರೆಯ ದಾರಿ ಮಾಡಬೇಕು. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಅವಳು ಚೀಟಿಗಳಲ್ಲಿ ದಪ್ಪಕ್ಷರದಲ್ಲಿ ಬರೆದು ತಂದಿದ್ದಳು. ಉತ್ತರ ಏನೇ ಇರಲಿ, ಎಲ್ಲರಿಗೂ ಒಂದೊಂದು. ಇಪ್ಪತ್ತರ ಹುಡುಗಿಯ ಹೆಗಲಿಗೆ ಇಷ್ಟು ಭಾರವೇ ಎಂದು ನನಗೆ ಭಯವಾಯಿತು. ಗಂಟೆಗೊಮ್ಮೆ ಅವಳ ಅಧ್ಯಾಪಕರ ಫೋನು ಬರುತ್ತಿದ್ದದ್ದು ಕಂಡು ಧೈರ್ಯ ಬಂತು. ಹಾಗೆ ಬೆನ್ನಿಗೆ ನಿಲ್ಲುವವರಿಲ್ಲದೆ ಈ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಕಳಿಸಲೇಬಾರದು.

ಮರದ ಕೆಳಗೆ ಕೂತವಳಿಗೆ ಕೋಟ ನೆನಪಾಯಿತು. ಶಿವರಾಮ ಕಾರಂತರ ಹುಟ್ಟೂರಾದ ಆ ಕರಾವಳಿ ಹಳ್ಳಿಗೆ ಮನೋವೈದ್ಯರಾದ ಜಿ.ಎಂ. ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಹೋಗಿ, ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಲ್ಲಿ ಮನಸ್ಸಿನ ಸಂಕಟ ವಿಚಾರಿಸಿದ್ದರು. 1976ರಲ್ಲಿ ಅದು ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕವಾಯಿತು. ಆ ಕೆಲಸಕ್ಕೆಂದು ನಮ್ಮ ಜನರಿಗೆ ಹೊಂದುವ ಸಂದರ್ಶನ ಸಾಧನವನ್ನೇ ಅವರು ಕಟ್ಟಬೇಕಾಯಿತು. ಒಂದು ಹಳ್ಳಿಯನ್ನು ‘ಮಹಾ ವಿಶ್ವ’ ಎಂದು ಕರೆದದ್ದು ಮೊದಲು ಓದಿದಾಗ ನನಗೆ ಹೆಚ್ಚೆನಿಸಿತ್ತು. ಹದಿನಾಲ್ಕು ಕಾಳು ನೋಡಿದ ಮೇಲೆ ಹಾಗೆನಿಸಲಿಲ್ಲ.

ಬೆಳಗಾವಿ ಜಿಲ್ಲೆಯ ಹಳ್ಳಿಗಳೂ ಸಂಶೋಧನೆಗೆ ಹೊಸವಲ್ಲ. 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ವಿದೇಶಿ ಸಂಶೋಧಕರೊಡನೆ ಸೇರಿ ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆಯನ್ನು ಇಲ್ಲಿನ 1620 ಹೆಣ್ಣುಮಕ್ಕಳಲ್ಲಿ ಪರೀಕ್ಷಿಸಿದರು. ಗುಳಿಗೆ ಕೊಟ್ಟದ್ದು, ಸೋರಿದ ರಕ್ತ ಅಳೆದದ್ದು ಹಳ್ಳಿಯ ಸಹಾಯಕ ದಾದಿಯರು. ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಅದನ್ನು ಅಚ್ಚು ಹಾಕಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆ ಆ ಔಷಧಿಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬೆಳಗಾವಿಯ ಹಳ್ಳಿದಾದಿ ಬರೆದಿಟ್ಟ ಅಂಕಿ ಎಲ್ಲಿಯ ತನಕ ನಡೆದು ಹೋಯಿತು!

ಮರುದಿನ ಬೆಳಿಗ್ಗೆ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದ ಕಡೆ ನಡೆದೆವು. ಬರ್ಡ್ಸ್ ಸಂಸ್ಥೆ ನಡೆಸುವ ಕೇಂದ್ರ. ಹೊಸ ತಳಿಯನ್ನೋ ಹೊಸ ಪದ್ಧತಿಯನ್ನೋ ರೈತರ ರೂಢಿಯ ಬೆಳೆಯ ಪಕ್ಕದಲ್ಲೇ ಬೆಳೆದು ಹೋಲಿಸಿ ತೋರಿಸುವುದು ಇಂಥ ಕೇಂದ್ರಗಳ ಕೆಲಸ. ಮಡಿಗಳ ಅಂಚಿನಲ್ಲಿ ಹುಡುಗಿ ಗಕ್ಕನೆ ನಿಂತಳು.

‘ದೊಡ್ಡಮ್ಮ, ನಮ್ಮ ಅನೋವಾ ಹುಟ್ಟಿದ್ದೇ ಇಂಥಲ್ಲಿ!’

ಮನೋವಿಜ್ಞಾನದ ವಿದ್ಯಾರ್ಥಿಗಳನ್ನು ನಿದ್ದೆಗೆಡಿಸುವ ಆ ಲೆಕ್ಕದ ಕತೆಯನ್ನು ಅವಳು ಬದುವಿನ ಮೇಲೆ ನಿಂತೇ ಹೇಳಿದಳು. ರೊನಾಲ್ಡ್ ಫಿಶರ್ 1919ರಲ್ಲಿ ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಕೇಂದ್ರ ಸೇರಿದರು. ಇಳುವರಿ ಹೆಚ್ಚಿದ್ದು ಗೊಬ್ಬರದಿಂದಲೋ, ಆ ಮೂಲೆಯ ಮಣ್ಣೇ ಒಳ್ಳೆಯದೋ ಎಂದು ತಿಳಿಯುವುದು ಹೇಗೆ? ಚೀಟಿ ಎತ್ತಿದಂತೆ ಮಡಿಗಳನ್ನು ಹಂಚು, ಆಮೇಲೆ ವ್ಯತ್ಯಾಸವನ್ನು ಬಿಡಿಸಿ ಅಳೆ. 1925ರ ಅವರ ಪುಸ್ತಕದಿಂದ ಈ ಉಪಾಯ ಹೊಲ ದಾಟಿ ಪ್ರಯೋಗಾಲಯ ಸೇರಿತು, ಆಸ್ಪತ್ರೆ ಸೇರಿತು, ಮನಸ್ಸಿನ ಅಧ್ಯಯನಕ್ಕೂ ಬಂತು. ಮೂರು ವರ್ಷ ಕಪ್ಪು ಹಲಗೆಯ ಮೇಲೆ ಕಂಡದ್ದು ಈಗ ಅವಳ ಕಾಲ ಬುಡದಲ್ಲಿ ಹಸಿರಾಗಿ ನಿಂತಿತ್ತು. ಅವಳು ಬಗ್ಗಿ ಮಣ್ಣು ಮುಟ್ಟಿದಳು. ನಾನೂ ಮುಟ್ಟಿದೆ.

ಸಂಜೆ ಹೊರಡುವಾಗ ಪೆಟ್ಟಿಗೆಗೆ ಬೀಗ ಬಿದ್ದಿತ್ತು. ಅಜ್ಜಿ ಒಳಗಿನಿಂದ ಅರಿವೆಯ ಪುಟ್ಟ ಗಂಟೊಂದನ್ನು ತಂದು ಮೊಮ್ಮಗಳ ಅಂಗೈಯಲ್ಲಿಟ್ಟಿತು. ‘ಇಟ್ಕೋ. ಮುಂದಿನ ಊರಾಗ ಬೇಕಾಗ್ತಾವ.’

ರೈಲು ಘಟಪ್ರಭಾ ಬಿಟ್ಟ ಮೇಲೆ ಅವಳು ಗಂಟು ಬಿಚ್ಚಿ ಮಡಿಲಲ್ಲಿ ಎಣಿಸಿದಳು. ಹದಿನಾಲ್ಕು ಇದ್ದವು.