ಇಡೀ ವಿಮಾನ, ಇಡೀ ಬಸ್ಸು ಮತ್ತು ತಳಕಿನ ಹಾದಿ

ಓದುಗ ಸಹೋದರಿಯರೇ, ಬಳ್ಳಾರಿಯಿಂದ ಚಳ್ಳಕೆರೆ, ಹಿರಿಯೂರು ಮಾರ್ಗವಾಗಿ ನೀವು ಎಂದಾದರೂ ಬೆಂಗಳೂರಿಗೆ ಬಂದಿದ್ದರೆ ತಳಕನ್ನು ದಾಟಿಯೇ ಬಂದಿರುತ್ತೀರಿ. ಕಿಟಕಿಯ ಬಳಿ ಕುಳಿತು ನಿದ್ದೆ ಹೋಗಿದ್ದರೆ ಊರು ಕಂಡಿರಲಾರದು. ಹೆದ್ದಾರಿಯ ಬದಿಯ ಹೋಬಳಿ ಊರು ಇದು. ಕಂದಾಯದ ಲೆಕ್ಕಕ್ಕೆ ಚಳ್ಳಕೆರೆ ತಾಲೂಕು, ಮತ ಹಾಕುವುದು ಮಾತ್ರ ಮೊಳಕಾಲ್ಮೂರು ಕ್ಷೇತ್ರಕ್ಕೆ. ಸುತ್ತ ಶೇಂಗಾ ಹೊಲಗಳು, ಕುರಿ ಹಿಂಡುಗಳು, ಬಂದರೆ ಬಂತು ಎನ್ನುವಂಥ ಮಳೆ. ಕುವೆಂಪು ಅವರು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ ಗುರು ಟಿ.ಎಸ್. ವೆಂಕಣ್ಣಯ್ಯ ಈ ಊರಿನವರು. ಕಾದಂಬರಿಕಾರ ತ.ರಾ.ಸು. ಅವರ ಹೆಸರಿನ ಮೊದಲ ಅಕ್ಷರವೂ ಇದೇ ಊರಿನದು.

ಇಂಥ ಊರಿನ ಬಗ್ಗೆ ಬರೆಯುತ್ತಾ ವಿಮಾನದ ಮಾತೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಇದೇ ಚಳ್ಳಕೆರೆ ತಾಲೂಕಿನಲ್ಲಿ, ನಾಯಕನಹಟ್ಟಿ ಕಡೆಯ ಕುದಾಪುರದ ಬಳಿ, ಎರಡು ಕಿಲೋಮೀಟರಿಗೂ ಉದ್ದವಾದ ರನ್‌ವೇ ಇದೆ. ಒಂದು ಕಾಲಕ್ಕೆ ಅಮೃತಮಹಲ್ ದನಗಳು ಮೇಯುತ್ತಿದ್ದ, ಆಮೇಲೆ ಊರವರ ಕುರಿ ಮೇಕೆಗಳಿಗೆ ಆಸರೆಯಾಗಿದ್ದ ಕಾವಲು ಭೂಮಿ ಅದು. ರಕ್ಷಣಾ ಸಂಶೋಧನಾ ಸಂಸ್ಥೆ ಡಿ.ಆರ್.ಡಿ.ಓ. ಅಲ್ಲಿ ನಿರ್ಮಿಸಿದ ವೈಮಾನಿಕ ಪರೀಕ್ಷಾ ಕೇಂದ್ರ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಪೈಲಟ್ ಇಲ್ಲದ ವಿಮಾನಗಳನ್ನು ಅಲ್ಲಿ ಹಾರಿಸಿ ನೋಡುತ್ತಾರೆ. ಇಸ್ರೋ ಸಂಸ್ಥೆ ತನ್ನ ಮರುಬಳಕೆಯ ಗಗನನೌಕೆಯ ಮಾದರಿಯನ್ನು 2023ರ ಏಪ್ರಿಲ್ 2ರಂದು ಹೆಲಿಕಾಪ್ಟರಿನಿಂದ ಬಿಟ್ಟು, ತಾನಾಗಿಯೇ ಇಳಿಯುವಂತೆ ಮಾಡಿದ್ದು ಇದೇ ರನ್‌ವೇ ಮೇಲೆ. 2024ರಲ್ಲಿ ಮತ್ತೆ ಎರಡು ಸಲ ಇಳಿಸಿತು.

ಅಂದರೆ ತಳಕಿನ ಸೀಮೆಯಲ್ಲಿ ವಿಮಾನ ಇಳಿಯುತ್ತದೆ, ಆದರೆ ಜನ ಹತ್ತುವಂತಿಲ್ಲ. ಅದು ಪರೀಕ್ಷೆಯ ಜಾಗ, ಪ್ರಯಾಣದ ಜಾಗವಲ್ಲ. ವಿಮಾನ ಹತ್ತಬೇಕೆಂದರೆ ಇಲ್ಲಿನವರು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿಗೇ ಹೋಗಬೇಕು, ಇಲ್ಲವೇ ಬಳ್ಳಾರಿ ದಾಟಿ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣಕ್ಕೆ.

ಈಗ ದೊಡ್ಡವರ ಪ್ರಯಾಣದ ಲೆಕ್ಕ ನೋಡೋಣ. ಶ್ರೀಮಂತ ಕುಟುಂಬಗಳು, ಕಂಪೆನಿಯವರು, ಸಿನಿಮಾದವರು ಒಂದು ಊರಿನಿಂದ ಇನ್ನೊಂದು ಊರಿಗೆ ಗುಂಪಾಗಿ ಹೋಗಲು ಇಡೀ ಖಾಸಗಿ ಜೆಟ್ ವಿಮಾನವನ್ನೇ ಬಾಡಿಗೆಗೆ ಹಿಡಿಯುತ್ತಾರೆ. ಅದರಲ್ಲಿ ದೊಡ್ಡದೆಂದರೆ ಹತ್ತರಿಂದ ಹದಿನಾರು ಜನ ಕುಳಿತುಕೊಳ್ಳುವ, ಒಳಗೆ ನೆಟ್ಟಗೆ ನಿಂತು ಓಡಾಡಬಹುದಾದ ವಿಮಾನ. ಬೆಂಗಳೂರಿನಲ್ಲಿ ಇಂಥವು ದೇವನಹಳ್ಳಿಯಿಂದಲೂ ಹೋಗುತ್ತವೆ, 2008ರಲ್ಲಿ ದಿನನಿತ್ಯದ ವಿಮಾನಗಳು ನಿಂತುಹೋದ ಹಳೆಯ ಎಚ್.ಎ.ಎಲ್. ನಿಲ್ದಾಣದಿಂದಲೂ ಹೋಗುತ್ತವೆ.

ಇದರ ಬಾಡಿಗೆ ಸೀಟಿನ ಲೆಕ್ಕದಲ್ಲಿಲ್ಲ, ಗಂಟೆಯ ಲೆಕ್ಕದಲ್ಲಿ. ಹದಿನಾಲ್ಕು ಜನ ಹತ್ತಿದರೂ ಒಬ್ಬರೇ ಹತ್ತಿದರೂ ಹಣ ಅಷ್ಟೇ. ವಿಮಾನ ಬೇರೆ ಊರಿನಲ್ಲಿದ್ದರೆ ಅದು ಖಾಲಿ ಬರುವ ಗಂಟೆಗೂ ನೀವೇ ಕೊಡಬೇಕು, ನಿಮ್ಮನ್ನು ಇಳಿಸಿ ಖಾಲಿ ಮರಳುವ ಗಂಟೆಗೂ ನೀವೇ ಕೊಡಬೇಕು. ನಿಲ್ದಾಣದ ಶುಲ್ಕ, ಕಾಯಿಸಿದ್ದಕ್ಕೆ ಹಣ, ರಾತ್ರಿ ಉಳಿದರೆ ಸಿಬ್ಬಂದಿಯ ಖರ್ಚು, ಮೇಲೆ ತೆರಿಗೆ. ಖಾಲಿ ಮರಳುವ ವಿಮಾನವನ್ನು ಕೆಲವರು ಕಡಿಮೆ ದರಕ್ಕೆ ಮಾರುವುದೂ ಉಂಟು. ಹೇಗಿದ್ದರೂ ಕಳೆದುಕೊಂಡ ಹಣ ಖಾಲಿ ಸೀಟಿನಲ್ಲಿಯೇ ಇರುತ್ತದೆ.

ಸಹೋದರಿಯರೇ, ಈ ಲೆಕ್ಕ ನಿಮಗೆ ಹೊಸದೇ? ಮದುವೆಗೆ ಬಸ್ಸು ಹಿಡಿದ ಯಾವ ಮನೆಯ ಹೆಣ್ಣುಮಗಳೂ ಇದನ್ನು ಬಲ್ಲಳು. ಕೆ.ಎಸ್.ಆರ್.ಟಿ.ಸಿ. ಬಸ್ಸನ್ನು ಒಪ್ಪಂದದ ಮೇಲೆ ಪಡೆದರೂ ಕಿಲೋಮೀಟರ್ ಎಣಿಸುವುದು ಡಿಪೋ ಬಿಟ್ಟಲ್ಲಿಂದ ಡಿಪೋ ಸೇರುವವರೆಗೆ. ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂಬ ಷರತ್ತು ಬೇರೆ. ಬಾಡಿಗೆ 20,000 ರೂಪಾಯಿ ಎಂದಿಟ್ಟುಕೊಳ್ಳಿ. ನಲವತ್ತು ಜನ ಹತ್ತಿದರೆ ತಲೆಗೆ 500, ಹದಿನಾರೇ ಜನ ಹತ್ತಿದರೆ 1,250. ಜೆಟ್ ವಿಮಾನದ ಲೆಕ್ಕವೂ ಇದೇ, ಸೊನ್ನೆಗಳು ಮಾತ್ರ ಹೆಚ್ಚು.

ನಮ್ಮಂಥವರೂ ಇಡೀ ವಿಮಾನ ಹಿಡಿಯುವ ಒಂದು ಸಂದರ್ಭವಿದೆ, ಅದು ಹಜ್ಜ್. ಮುಂಬಯಿಯಿಂದ ಜಿದ್ದಾಕ್ಕೆ ಹೋಗುತ್ತಿದ್ದ ಹಡಗಿನ ಯಾತ್ರೆ 1995ರಲ್ಲಿ ನಿಂತ ಮೇಲೆ ಹಜ್ಜ್ ಸಮಿತಿಯ ಯಾತ್ರಾರ್ಥಿಗಳೆಲ್ಲ ವಿಮಾನದಲ್ಲೇ ಹೋಗುತ್ತಾರೆ. ಅವರಿಗಾಗಿ ವಿಶೇಷ ವಿಮಾನಗಳನ್ನು ಗೊತ್ತುಮಾಡಲಾಗುತ್ತದೆ. ಟಿಕೆಟ್ ಏಕೆ ಇಷ್ಟು ದುಬಾರಿ ಎಂದು ಹಲವರು ಕೇಳುತ್ತಾರೆ. ಒಂದು ಕಾರಣ ಮೇಲೆ ಹೇಳಿದ ಲೆಕ್ಕದಲ್ಲೇ ಇದೆ. ಹಜ್ಜಿಗೆ ಮೊದಲು ಜನರನ್ನು ಇಳಿಸಿದ ವಿಮಾನ ಬಹುಮಟ್ಟಿಗೆ ಖಾಲಿ ಮರಳಬೇಕು, ಹಜ್ಜಿನ ನಂತರ ಕರೆತರಲು ಖಾಲಿ ಹೋಗಬೇಕು. ಆ ಖಾಲಿ ಹಾರಾಟದ ಹಣವೂ ಟಿಕೆಟಿನೊಳಗೆ ಸೇರುತ್ತದೆ. ಸರಕಾರದ ಸಬ್ಸಿಡಿಯನ್ನು ಹತ್ತು ವರ್ಷಗಳೊಳಗೆ ಹಂತಹಂತವಾಗಿ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿತ್ತು. ಅದು 2018ರಲ್ಲೇ ಪೂರ್ತಿ ನಿಂತಿತು.

ಅದೇ 2018ರಿಂದ, 45 ವರ್ಷ ದಾಟಿದ ಮಹಿಳೆಯರು ಮಹ್ರಮ್ ಇಲ್ಲದೆಯೂ ನಾಲ್ವರ ಗುಂಪಾಗಿ ಅರ್ಜಿ ಹಾಕಲು ಹಜ್ಜ್ ಸಮಿತಿ ಅವಕಾಶ ಕೊಟ್ಟಿತು. ಈ ವಿಷಯದಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ, ಅವರವರ ಮದ್‌ಹಬ್‌ನಂತೆ ತಿಳಿದವರನ್ನು ಕೇಳಿಕೊಳ್ಳಬೇಕು. ಆದರೆ ಗುಂಪು ಎಂಬುದು ಒಂಟಿ ಹೆಣ್ಣಿಗೆ ಎಂಥ ಆಸರೆ ಎಂಬುದನ್ನು ಆ ನಿಯಮವೇ ಹೇಳುತ್ತದೆ.

ಇನ್ನು ತಳಕಿಗೆ ಮರಳೋಣ. ಈ ಭಾಗದ ಮನೆಗಳಿಗೆ ರಾಯದುರ್ಗ, ಬಳ್ಳಾರಿ, ಚಿತ್ರದುರ್ಗಗಳಲ್ಲಿ ನೆಂಟಸ್ತನವಿರುವುದು ಸಹಜ. ಮದುವೆ, ಮಯ್ಯತ್, ಹಜ್ಜಿಗೆ ಹೋಗುವವರನ್ನು ಬೀಳ್ಕೊಡುವುದು ಎಂದರೆ ಗುಂಪಾಗಿಯೇ ಹೊರಡಬೇಕು. ಇಲ್ಲಿ ಬಾಡಿಗೆ ಉಳಿಸುವ ಆಸೆಗೆ ನಾವು ಮಾಡುವ ಒಂದು ಕೆಲಸವಿದೆ: ಹೆಂಗಸರು ಮಕ್ಕಳನ್ನು ಸರಕು ಸಾಗಿಸುವ ಟೆಂಪೋದಲ್ಲಿ, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ತುಂಬಿಸುವುದು. ಗಂಡಸರು ಬೈಕಿನಲ್ಲಿ, ಅತ್ತೆ ಸೊಸೆ ಮೊಮ್ಮಕ್ಕಳು ಟ್ರೇಲರಿನಲ್ಲಿ. ಇದು ಕಾನೂನಿಗೆ ವಿರುದ್ಧ ಮಾತ್ರವಲ್ಲ, ಅಪಘಾತವಾದರೆ ಆ ಮನೆ ಎರಡು ಸಲ ಮುಳುಗುತ್ತದೆ. ಸರಕು ವಾಹನದಲ್ಲಿ ಹೀಗೆ ಕುಳಿತು ಹೋಗುವ ಪ್ರಯಾಣಿಕರ ಪರಿಹಾರಕ್ಕೆ ವಿಮಾ ಕಂಪೆನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲೇ ತೀರ್ಪು ಕೊಟ್ಟಿದೆ. ತಲೆಗೆ ನೂರಿನ್ನೂರು ಉಳಿಸಲು ಹೋಗಿ ತಲೆಯನ್ನೇ ಒಡ್ಡುವುದು ಯಾವ ಜಾಣತನ?

ಹಾಗಾದರೆ ಏನು ಮಾಡಬೇಕು? ಮೊದಲು ಹೆಸರು ಬರೆದು ತಲೆ ಎಣಿಸಿ. “ಬರಬಹುದು” ಎನ್ನುವವರನ್ನು ಸೇರಿಸಿ ದೊಡ್ಡ ಬಸ್ಸು ಹಿಡಿದರೆ ಖಾಲಿ ಸೀಟಿನ ಹಣ ನಿಮ್ಮ ತಲೆಗೆ. ಹತ್ತು ಹನ್ನೆರಡು ಜನರಾದರೆ ಚಿಕ್ಕ ವಾಹನ ಸಾಕು. ರಾಜ್ಯದೊಳಗಿನ ಪ್ರಯಾಣವಾದರೆ ಇನ್ನೊಂದು ದಾರಿಯಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲ. ಒಪ್ಪಂದದ ಬಸ್ಸಿಗೆ ಇದು ಅನ್ವಯಿಸದು. ಗುಂಪಿನಲ್ಲಿ ಹೆಂಗಸರೇ ಹೆಚ್ಚಿದ್ದು, ವೃದ್ಧರು, ರೋಗಿಗಳು ಇಲ್ಲದಿದ್ದರೆ ಸಾಮಾನ್ಯ ಬಸ್ಸೇ ಲಾಭ.

ಇಡೀ ವಾಹನ ಹಿಡಿಯಲೇಬೇಕಾದರೆ ಪರ್ಮಿಟ್, ವಿಮೆ ನೋಡಿ. ರಾಯದುರ್ಗಕ್ಕೆ ಹೋಗುವುದಾದರೆ ಅದು ಆಂಧ್ರಪ್ರದೇಶ, ಗಡಿ ದಾಟಲು ಪರವಾನಗಿ, ತೆರಿಗೆ ಬೇರೆ ಬೇಕು. ಮರಳುವ ಖಾಲಿ ದೂರಕ್ಕೆ ಎಷ್ಟು, ಕಾಯಿಸಿದರೆ ಎಷ್ಟು, ರದ್ದಾದರೆ ಮುಂಗಡ ಎಷ್ಟು ಮರಳುತ್ತದೆ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ದೂರದ ಯಾತ್ರೆಗಂತೂ ಇದು ಇನ್ನೂ ಮುಖ್ಯ. 2025ರ ಹಜ್ಜಿನಲ್ಲಿ ಖಾಸಗಿ ಟೂರ್ ಸಂಸ್ಥೆಗಳ ಪಾಲಿನ ಸಾವಿರಾರು ಸೀಟುಗಳು, ಸೌದಿಯಲ್ಲಿ ಮಾಡಿಕೊಳ್ಳಬೇಕಾದ ಕರಾರುಗಳು ಕಾಲಕ್ಕೆ ಮುಗಿಯದೆ ಕೈತಪ್ಪಿದವು. ಹಣ ಕಟ್ಟಿದವರೂ ಮನೆಯಲ್ಲೇ ಉಳಿದರು.

ಇಡೀ ವಾಹನದ ನಿಜವಾದ ಸುಖ ಬೇರೆಯೇ ಇದೆ. ನಮಾಝಿನ ಹೊತ್ತಿಗೆ ನಿಲ್ಲಿಸಬಹುದು, ಶೌಚಾಲಯವಿರುವ ಕಡೆ ಹೆಂಗಸರು ಇಳಿಯಬಹುದು, ಬಾಣಂತಿ ಕಾಲು ಚಾಚಬಹುದು. ಆದರೆ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮುಂದಿನ ಸೀಟಿನ ಗಂಡಸರೇ ನಿರ್ಧರಿಸಿದರೆ ಈ ಸುಖ ಹೆಂಗಸರಿಗೆ ದಕ್ಕದು. ಮೂವರು ಪ್ರಯಾಣ ಹೊರಟರೆ ಒಬ್ಬರನ್ನು ಅಮೀರ್ ಆಗಿ ಮಾಡಿಕೊಳ್ಳಬೇಕೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಆ ಅಮೀರ್ ಹೊರಡುವ ಮೊದಲೇ ಹೆಂಗಸರನ್ನೂ ಕೇಳಿ ನಿಲ್ಲುವ ತಾಣಗಳನ್ನು ಗುರುತಿಸಲಿ.

ಕೊನೆಯದಾಗಿ ಒಂದು ಮಾತು. ಹಾಜಿಗಳನ್ನು ಬೀಳ್ಕೊಡಲು ಬೆಂಗಳೂರಿಗೆ ಬಸ್ಸು ಹೊರಡಿಸುವಾಗ ಸೀಟು ಉಳಿದರೆ ಓಣಿಯ ವಿಧವೆಗೆ, ನಗರದ ಆಸ್ಪತ್ರೆಗೆ ಹೋಗಬೇಕಾದ ಬಡ ನೆರೆಯವಳಿಗೆ ಹೇಳಿಕಳುಹಿಸಿ. ಅವಳು ಯಾವ ಜಾತಿ ಧರ್ಮದವಳಾದರೂ ಸರಿ. ಆ ಸೀಟಿಗೆ ಹೇಗೂ ಹಣ ಕೊಟ್ಟಾಗಿದೆ. ಅದನ್ನು ಖಾಲಿ ಒಯ್ದರೆ ದುಂದು, ನೆರೆಯವಳನ್ನು ಕೂರಿಸಿದರೆ ಸದಕಾ.