ಅಗತ್ಯ: ಒಂದು ಪದ, ಎರಡು ಭಾಷ್ಯ

1787ರಲ್ಲಿ ರಚಿತವಾದ ಅಮೆರಿಕದ ಸಂವಿಧಾನದಲ್ಲಿ ಬ್ಯಾಂಕ್ ಎಂಬ ಶಬ್ದವಿಲ್ಲ. ಕಾಂಗ್ರೆಸ್ಸಿನ ಅಧಿಕಾರಗಳನ್ನು ಎಣಿಸಿ ಹೇಳಿದ ಮೇಲೆ, ಅವುಗಳ ನಿರ್ವಹಣೆಗೆ ಅಗತ್ಯವೂ ಉಚಿತವೂ ಆದ ಕಾನೂನುಗಳನ್ನು ಮಾಡಬಹುದೆಂಬ ಒಂದು ವಾಕ್ಯ ಮಾತ್ರ ಇದೆ. 1791ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಬ್ಯಾಂಕಿನ ಮಸೂದೆ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನನ ಮುಂದೆ ಬಂದಾಗ, ಆ ವಾಕ್ಯಕ್ಕೆ ಅವನ ಸಂಪುಟದೊಳಗೇ ಎರಡು ಭಾಷ್ಯಗಳು ಹುಟ್ಟಿದವು.

ಅಗತ್ಯವೆಂದರೆ ಅದಿಲ್ಲದೆ ಕೊಟ್ಟ ಅಧಿಕಾರವೇ ವ್ಯರ್ಥವಾಗುವಂಥದು ಎಂದು ಥಾಮಸ್ ಜೆಫರ್ಸನ್ ಬರೆದ. ಅನುಕೂಲವನ್ನೇ ಅಗತ್ಯವೆಂದರೆ ಅಧಿಕಾರಗಳನ್ನು ಎಣಿಸಿ ಕೊಟ್ಟುದಕ್ಕೆ ಅರ್ಥವೇ ಉಳಿಯದು. ರಾಜ್ಯಗಳ ಪಾಲಿನದೆಲ್ಲ ಕೇಂದ್ರದ ಕೈಸೇರುವುದು. ಖಜಾನೆಯ ಹೊಣೆ ಹೊತ್ತಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಆಡುಮಾತನ್ನೇ ಸಾಕ್ಷಿಗೆ ಕರೆದ. ಜನ ಒಂದನ್ನು ಅಗತ್ಯವೆನ್ನುವಾಗ ಉಪಯುಕ್ತ, ಸಹಾಯಕ ಎಂಬಷ್ಟೇ ಅರ್ಥ; ಎದುರಾಳಿಯು ಆ ಪದದ ಹಿಂದೆ 'ಸರ್ವಥಾ' ಎಂಬ ಇಲ್ಲದ ವಿಶೇಷಣವನ್ನು ಕಲ್ಪಿಸಿ ಓದುತ್ತಿದ್ದಾನೆ ಎಂದ. ವಾಷಿಂಗ್ಟನ್ ಸಹಿ ಹಾಕಿದ. ಫೆಡರಲಿಸ್ಟ್, ರಿಪಬ್ಲಿಕನ್ ಎಂಬ ಎರಡು ಪಕ್ಷಗಳು ಮೈದಳೆದುದು ಇಂಥ ಜಗಳಗಳಲ್ಲೇ.

ಇವರಿಬ್ಬರಿಗಿಂತ ಕುತೂಹಲಕರನಾದವನು ಜೇಮ್ಸ್ ಮ್ಯಾಡಿಸನ್. ಹ್ಯಾಮಿಲ್ಟನ್ ಮತ್ತು ಜಾನ್ ಜೇ ಜೊತೆಗೂಡಿ 'ಪಬ್ಲಿಯಸ್' ಎಂಬ ಗುಪ್ತನಾಮದಲ್ಲಿ ಬರೆದ 85 ಲೇಖನಗಳ ಪೈಕಿ 44ನೆಯದರಲ್ಲಿ ಈ ವಾಕ್ಯವನ್ನು ಸಮರ್ಥಿಸಿದವನು ಅವನೇ: ಗುರಿ ವಿಹಿತವಾದರೆ ಸಾಧನವೂ ವಿಹಿತ. ಮೂರು ವರ್ಷಗಳ ಬಳಿಕ ಪ್ರತಿನಿಧಿ ಸಭೆಯಲ್ಲಿ ಬ್ಯಾಂಕನ್ನು ವಿರೋಧಿಸಿದವನೂ ಅವನೇ. 1811ರಲ್ಲಿ ಬ್ಯಾಂಕಿನ 20 ವರ್ಷಗಳ ಸನದು ಮುಗಿಯಿತು. ಮರುವರ್ಷದ ಯುದ್ಧದಲ್ಲಿ ಖಜಾನೆ ಸಾಲಕ್ಕೆ ಪರದಾಡಿತು. 1816ರಲ್ಲಿ ಎರಡನೆಯ ಬ್ಯಾಂಕಿಗೆ ಸಹಿ ಹಾಕಿದ ಅಧ್ಯಕ್ಷ ಮತ್ತೆ ಈ ಮ್ಯಾಡಿಸನ್ನೇ! ಅವಕಾಶವಾದವೆಂದು ತಳ್ಳಿಹಾಕುವುದು ಸುಲಭ. ಆದರೆ ಅವನು ಮುಂದಿಟ್ಟ ಕಾರಣ ನಿಘಂಟಿನದಲ್ಲ, ಬಳಕೆಯದು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳೂ ಜನರೂ ಇಷ್ಟು ಕಾಲ ಒಪ್ಪಿ ನಡೆದ ಅರ್ಥವನ್ನು ತನ್ನೊಬ್ಬನ ಓದು ಅಳಿಸಲಾರದೆಂದು ಅವನು ಕಂಡುಕೊಂಡ. ಯೋಗಾರ್ಥಕ್ಕಿಂತ ರೂಢಿ ಬಲವತ್ತರವೆಂಬ ಸಂಸ್ಕೃತ ಶಾಸ್ತ್ರಕಾರರ ನ್ಯಾಯವನ್ನು ಬಲ್ಲವರಿಗೆ ಇದು ಅಷ್ಟೇನೂ ಅಪರಿಚಿತವೆನಿಸದು. ಜೆಫರ್ಸನ್ ಕೂಡ 1803ರಲ್ಲಿ ಲೂಸಿಯಾನವನ್ನು ಕೊಳ್ಳುವಾಗ ಸಂವಿಧಾನದಲ್ಲಿ ಅದಕ್ಕೆ ಆಧಾರವಿಲ್ಲವೆಂದು ಶಂಕಿಸಿ, ತಿದ್ದುಪಡಿಯ ಕರಡು ಬರೆದು, ಕೊನೆಗೆ ಅದನ್ನು ಬದಿಗಿಟ್ಟ.

1819ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಸೂಕ್ಷ್ಮ ಪಾಠಪರಿಶೀಲನೆ ಮಾಡಿದ. ರಾಜ್ಯಗಳ ಆಮದು ಸುಂಕದ ಕುರಿತ ವಾಕ್ಯದಲ್ಲಿ ಸಂವಿಧಾನವು 'ಸರ್ವಥಾ ಅಗತ್ಯ' ಎಂದೇ ಬರೆದಿದೆ. ಬೇಕಾದೆಡೆ ಆ ವಿಶೇಷಣವನ್ನು ಇಟ್ಟವರು ಇಲ್ಲಿ ಇಟ್ಟಿಲ್ಲವೆಂದರೆ ಅರ್ಥವೂ ಬೇರೆ; ಬ್ಯಾಂಕು ಸಂವಿಧಾನಬದ್ಧ. ತೀರ್ಪು ಬಂದರೂ ವ್ಯಾಜ್ಯ ಮುಗಿಯಲಿಲ್ಲ. 1832ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್, ನ್ಯಾಯಾಲಯದ ಅರ್ಥ ತನ್ನನ್ನು ಕಟ್ಟಿಹಾಕದೆಂದು ಹೇಳಿ, ಬ್ಯಾಂಕಿನ ಸನದಿನ ನವೀಕರಣವನ್ನು ತಡೆದ.